ರಸ್ತೆ ತೆರೀತು, ಗುಳಿಗೆ ಬರಲಿಲ್ಲ

2019ರ ಆಗಸ್ಟ್. ಮಲಪ್ರಭಾ ಉಕ್ಕಿ ರಾಮದುರ್ಗದೊಳಗೆ ನೀರು ನುಗ್ಗಿತ್ತು. ಅತ್ತ ಕೊಲ್ಲಾಪುರದ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯೂ ಮುಳುಗಿ ದಿನಗಟ್ಟಲೆ ಲಾರಿಗಳು ನಿಂತಿದ್ದವು. ನಾನು ಬೆಂಗಳೂರಿನ ಆಫೀಸಿನಲ್ಲಿ ಕೂತು ಇದನ್ನೆಲ್ಲ ಎಕ್ಸೆಲ್ ಶೀಟಿನಲ್ಲಿ ನೋಡ್ತಿದ್ದೆ. ಸರಕು ಸಾಗಣೆ ಕಂಪನಿಯಲ್ಲಿ ನನ್ನ ಕೆಲಸವೇ ಅದು: ಯಾವ ದಾರಿ ಬಂದಾಯ್ತು, ಮತ್ತೆ ಸರಿಹೋಗೋಕೆ ಎಷ್ಟು ದಿನ ಹಿಡೀತು ಅಂತ ಲೆಕ್ಕ ಇಡೋದು.

ಆರನೇ ದಿನ ನಮ್ಮ ಲಾರಿಗಳು ಬೆಳಗಾವಿಯ ಗೋದಾಮು ಮುಟ್ಟಿದವು. ‘ಚೇತರಿಕೆ: 6 ದಿನ’ ಅಂತ ಬರೆದು ಆ ಸಾಲಿಗೆ ಹಸಿರು ಬಣ್ಣ ತುಂಬಿದೆ.

ದಿನಾ ರಾತ್ರಿ ಸಾಲಹಳ್ಳಿಯ ನಮ್ಮ ಮನೆಗೆ ಫೋನ್ ಮಾಡ್ತಿದ್ದೆ. “ಎಲ್ಲಾ ಆರಾಮ ಐತಿ ತಮ್ಮಾ, ನಮ್ಮನಿಗೆ ನೀರ ಬಂದಿಲ್ಲ” ಅಂತಿದ್ದರು ಅಪ್ಪ.

ಗಣೇಶ ಚೌತಿಗೆ ಊರಿಗೆ ಹೋದಾಗ ಅವ್ವ ಬಾಯಿಬಿಟ್ಟಳು. ಮಳೆ ಶುರುವಾದಾಗ ಅಪ್ಪನ ಬಿಪಿ ಗುಳಿಗೆ ಐದೇ ಉಳಿದಿದ್ದವಂತೆ. ಅವನ್ನು ಮುರಿದು ದಿನಕ್ಕೆ ಅರ್ಧದಂತೆ ಹತ್ತು ದಿನ ನುಂಗಿದ್ದಾರೆ. ರಸ್ತೆ ತೆರೆದರೂ ಅಂಗಡಿಯವರ ಮಾಲು ನೀರಲ್ಲಿ ತೊಯ್ದು ಹೋಗಿತ್ತು. ಹೊಸ ಮಾಲು ಬರೋ ಹೊತ್ತಿಗೆ 11ನೇ ದಿನ. ಅವತ್ತು ಬಿಪಿ 180 ದಾಟಿತ್ತು.

“ಯಾಕ ಹೇಳಲಿಲ್ಲ ಅಪ್ಪಾ?” ಅಂದೆ. “ಹೇಳಿದ್ರ ನೀ ಅಲ್ಲಿ ಕುಂತು ಏನ್ ಮಾಡಾಂವ? ಸುಮ್ನ ಚಿಂತಿ” ಅಂದರು.

ನನ್ನ ಲೆಕ್ಕ ತಪ್ಪಿರಲಿಲ್ಲ. ಅಳೆದ ಜಾಗ ತಪ್ಪಾಗಿತ್ತು. ಗೋದಾಮಿಗೆ ಆರು ದಿನ, ಅಪ್ಪನ ಕೈಗೆ ಹನ್ನೊಂದು.

ನಮ್ಮ ಫೀಲ್ಡಲ್ಲಿ ಎರಡು ಅಳತೆಗಳಿವೆ. ಒಂದು, ನಿಂತ ಪೂರೈಕೆ ಮೊದಲಿನಂತಾಗಲು ಬೇಕಾದ ದಿನ. ಇನ್ನೊಂದು, ಪೂರೈಕೆ ನಿಂತರೂ ಕೈಯಲ್ಲಿರೋದರಲ್ಲಿ ತಾಳಬಲ್ಲ ದಿನ. ಅಮೆರಿಕದ ಎಂಐಟಿಯ ಪ್ರೊಫೆಸರ್ ಡೇವಿಡ್ ಸಿಮ್ಚಿ-ಲೆವಿ ಮತ್ತು ಸಂಗಡಿಗರು ಫೋರ್ಡ್ ಕಂಪನಿಗೆ ಇದೇ ಲೆಕ್ಕ ಹಾಕಿಕೊಟ್ಟರು. 2014ರಲ್ಲಿ ಅದರ ಬಗ್ಗೆ ಬರೆದರು ಕೂಡ. ತಾಳುವ ದಿನ ಚೇತರಿಕೆಯ ದಿನಕ್ಕಿಂತ ಕಡಿಮೆ ಇದ್ದರೆ ಅಲ್ಲೇ ಅಪಾಯ. ದೊಡ್ಡ ಹೊಡೆತ ಕೊಡೋದು ದುಬಾರಿ ಭಾಗಗಳೇ ಆಗಬೇಕಿಲ್ಲ, ಎಷ್ಟೋ ಸಲ ಅಗ್ಗದ ಭಾಗಗಳೇ ಅನ್ನೋದೂ ಅವರ ಲೆಕ್ಕದಲ್ಲಿ ಕಂಡಿತು. ಚಿಕ್ಕ ಭಾಗ ಒಂದಿಲ್ಲದಿದ್ದರೂ ಕಾರು ಹೊರಗೆ ಬರಲ್ಲ.

ನಮ್ಮನೆಯಲ್ಲಿ ಜೋಳ, ಬ್ಯಾಳಿ ಎರಡು ತಿಂಗಳಿಗಾಗುವಷ್ಟು ಇದ್ದವು. ಕೆಲವೇ ರೂಪಾಯಿಯ ಗುಳಿಗೆ ಐದೇ ದಿನಕ್ಕಿತ್ತು. ಹಾಗಾದರೆ ಮನೆ ತಾಳಬಲ್ಲ ದಿನ ಎರಡು ತಿಂಗಳಲ್ಲ, ಐದು.

ಆಫೀಸಿಗೆ ಮರಳಿ ವರದಿಯಲ್ಲಿ ಹೊಸದೊಂದು ಕಾಲಂ ಸೇರಿಸಿದೆ: ‘ಕೊನೆಯ ಅಂಗಡಿಗೆ ಮುಟ್ಟಿದ ದಿನ’. ಹಸಿರಿದ್ದ ಎಷ್ಟೋ ಸಾಲು ಕೆಂಪಾದವು. ಮೀಟಿಂಗಿನಲ್ಲಿ ಯಾರಿಗೂ ಖುಷಿಯಾಗಲಿಲ್ಲ, ಆದರೆ ತೆಗೆಯಿರಿ ಅಂತ ಯಾರೂ ಅನ್ನಲಿಲ್ಲ.

ಊರಲ್ಲಿ ಮಾಡಿದ್ದು ಇನ್ನೂ ಸಣ್ಣ ಕೆಲಸ. ಗುಳಿಗೆ ಡಬ್ಬಿಯ ಮೇಲೆ ಗೆರೆ ಎಳೆದು, “15ಕ್ಕಿಂತ ಕಡಿಮಿ ಆದ ದಿನ ನನಗ ಫೋನ್ ಮಾಡಬೇಕು” ಅಂತ ಅವ್ವಗೆ ಒಪ್ಪಿಸಿದೆ. 15 ಯಾಕೆ? 11 ದಿನ ಕಾದಿದ್ದೆವಲ್ಲ, ಮೇಲೆ ನಾಲ್ಕು. 2020ರ ಮಾರ್ಚ್ 25ರಿಂದ ದೇಶವೇ ಬಂದಾದಾಗ ಡಬ್ಬಿಯಲ್ಲಿ 22 ಇದ್ದವು. ಆ ಸಲ ಅಪ್ಪ ಗುಳಿಗೆ ಮುರಿಯಲಿಲ್ಲ.

ಇವತ್ತು ರಾತ್ರಿ ಮನೆಗೆ ಫೋನ್ ಮಾಡ್ತೀರಲ್ಲ, “ಆರಾಮಾ?” ಅಂತ ಕೇಳಿದ ಮೇಲೆ ಇದನ್ನೂ ಕೇಳಿ: “ಗುಳಿಗೆ ಎಷ್ಟು ಉಳಿದಾವು?” ಮೊದಲನೇದಕ್ಕೆ ಅವರು ‘ಹೂಂ’ ಅಂದೇ ಅಂತಾರೆ. ಎರಡನೇದಕ್ಕೆ ಡಬ್ಬಿ ತೆಗೆದು ಎಣಿಸಲೇಬೇಕು.