ನೇರ ಕೂದಲು ಎಷ್ಟು ದಿನ?

“ಸಾರ್, ಅಕ್ಕನ ಮದುವೆಗೆಂದು ಕೂದಲಿಗೆ ಕೆರಾಟಿನ್ ಸ್ಮೂತನಿಂಗ್ ಮಾಡಿಸಿದೆ. ಬಹಳ ದಿನ ಉಳಿಯಲು ಏನು ಮಾಡಬೇಕು?” ಎಂದು ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ನಗುವ ಪ್ರಶ್ನೆಯಲ್ಲ, ಅಪ್ಪಟ ರಸಾಯನ ವಿಜ್ಞಾನ.

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಹೈಡ್ರೋಜನ್ ಬಂಧಗಳು ನೀರು ತಗುಲಿದರೆ ಬಿಡುತ್ತವೆ. ಬರೀ ಇಸ್ತ್ರಿ ಮಾಡಿದ ಕೂದಲು ಮಳೆಯಲ್ಲಿ ಮತ್ತೆ ಗುಂಗುರಾಗುವುದು ಇದರಿಂದಲೇ. ಸ್ಮೂತನಿಂಗ್‌ನಲ್ಲಿ ರಾಸಾಯನಿಕ ಹಚ್ಚಿ, ಬಿಸಿ ಇಸ್ತ್ರಿ ಎಳೆದು, ಕೆರಾಟಿನ್ ಎಳೆಗಳ ನಡುವೆ ಹೊಸ ಕೊಂಡಿ ಹಾಕುತ್ತಾರೆ. ಮೇಲೆ ತೆಳುವಾದ ಲೇಪವೂ ಕೂರುತ್ತದೆ. ಪ್ರತಿ ಸ್ನಾನಕ್ಕೂ ಅದು ಸ್ವಲ್ಪ ಸ್ವಲ್ಪ ಸವೆದು, ಸಾಮಾನ್ಯವಾಗಿ 3-4 ತಿಂಗಳಲ್ಲಿ ಮುಗಿಯುತ್ತದೆ.

ಆದ್ದರಿಂದ ಉಪಾಯ ಸರಳ. ತಲೆಸ್ನಾನ ವಾರಕ್ಕೆ ಎರಡು ಸಲ ಸಾಕು. ಸಲ್ಫೇಟ್ ಇಲ್ಲದ ಶಾಂಪೂ, ಉಗುರುಬೆಚ್ಚಗಿನ ನೀರು ಬಳಸಿ. ಈಜುಕೊಳದಲ್ಲಿ ಟೊಪ್ಪಿ ಧರಿಸಿ. ಒದ್ದೆ ಕೂದಲನ್ನು ಟವೆಲಿನಿಂದ ತಿಕ್ಕಬೇಡಿ, ಒತ್ತಿ ಒರೆಸಿ.

ಆದರೆ ಬೇಗ ಬೇಗ ಮತ್ತೆ ಮಾಡಿಸುವುದು ಬೇಡ. ಇಂಥ ಹಲವು ದ್ರಾವಣಗಳು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಪ್ರಯೋಗಾಲಯದ ಸೀಸೆಯಲ್ಲಿ ಕಪ್ಪೆಯನ್ನು ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿರುವುದೂ ಅದೇ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಡಬ್ಬಿಯ ಮೇಲೆ ಆ ಹೆಸರಿಲ್ಲದೆ ‘ಮೆಥಿಲೀನ್ ಗ್ಲೈಕಾಲ್’ ಎಂದಿದ್ದರೂ ಅಪಾಯ ಒಂದೇ. ಕಣ್ಣು, ಮೂಗು ಉರಿದರೆ ಕೂಡಲೇ ಎದ್ದು ಹೊರಗೆ ಬನ್ನಿ.

ಪಾಲಕರೇ, ಬುಡದಿಂದ ತಿಂಗಳಿಗೆ ಸುಮಾರು 1 ಸೆಂ.ಮೀ. ಹೊಸ ಕೂದಲು ಬರುತ್ತದೆ, ಹುಟ್ಟುಗುಣದಂತೆಯೇ. ಆ ಹುಡುಗಿಗೂ ಇದನ್ನೇ ಹೇಳಿದೆ: ಇರುವುದನ್ನು ಜೋಪಾನ ಮಾಡಮ್ಮ, ಗುಂಗುರು ಮರಳಿದಾಗ ಬೇಸರಿಸಬೇಡ.