ಬೋರ್ಡ್ ಮೇಲೆ ಬರ್ದಿರೋ ನಂಬರ್ ಯಾರ್ದು?

(1/6)
"ಸಣ್ಣ ವ್ಯಾಪಾರಕ್ಕೆ ಟಾಪ್ 10 ಕ್ಲೌಡ್ ಫೋನ್ ಸಿಸ್ಟಮ್." ಈ ತಿಂಗಳು ಫೀಡ್ ತುಂಬಾ ಇದೇ ರೀಲ್ಸು. ನಮ್ಮ ಕ್ಲಾಸ್‌ನೋರೇ ನಾಲ್ಕೈದು ಜನ ಸ್ಟೋರಿಗೆ ಹಾಕಿದ್ದೀರ. ಹಾಕ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಅದೇ ಪಟ್ಟಿ ಹಿಡ್ಕೊಂಡು ಮಂಡ್ಯದ ಬೆಲ್ಲದ ಮಂಡಿಗೆ, ಮದ್ದೂರಿನ ಎಳನೀರು ಮಾರುಕಟ್ಟೆಗೆ, ಮಳವಳ್ಳಿಯ ಗೊಬ್ಬರದಂಗಡಿಗೆ ಹೋಗಿ "ಅಣ್ಣ, ಇದನ್ನ ಹಾಕ್ಸಿ" ಅಂತ ಕಮಿಷನ್‌ಗೆ ಮಾರೋಕೆ ಹೊರಟಿದ್ದೀರಲ್ಲ, ನನ್ನ ತಕರಾರು ಅಲ್ಲಿಂದ ಶುರು. ಆ ಅಣ್ಣಂದಿರಲ್ಲಿ ಅರ್ಧ ಜನ ನಮ್ಮ ಅಪ್ಪಂದಿರು, ಮಾವಂದಿರು ಕಣ್ರೋ.

ಗೊತ್ತಿಲ್ಲದೋರಿಗೆ ಒಂದೇ ಸಾಲು: ಕ್ಲೌಡ್ ಫೋನ್ ಅಂದ್ರೆ ಅಂಗಡಿಯ ನಂಬರ್‌ಗೆ ಬಂದ ಕರೆ ಮೊದಲು ಕಂಪನಿಯ ಸರ್ವರ್‌ಗೆ ಹೋಗುತ್ತೆ, ಅಲ್ಲಿಂದ ಯಾರು ಖಾಲಿ ಇದ್ದಾರೋ ಅವರ ಮೊಬೈಲ್‌ಗೆ ಬರುತ್ತೆ. ಪಟ್ಟಿಗಳು ಬೆಲೆ ಹೋಲಿಸ್ತವೆ, ಆಪ್ ಹೋಲಿಸ್ತವೆ, ರೆಕಾರ್ಡಿಂಗ್ ಹೋಲಿಸ್ತವೆ. ಆ ನಂಬರ್ ಯಾರ ಸ್ವತ್ತು ಅನ್ನೋದನ್ನ ಮಾತ್ರ ಕೇಳಲ್ಲ.

(2/6)
ಫೋಟೋ ನೋಡಿ. ಲಾರಿ ಹಿಂದೆ, ಶಟರ್ ಮೇಲೆ, ಬಿಲ್ ಬುಕ್ ತುದಿಯಲ್ಲಿ, ಅಕ್ಕಿ ಮೂಟೆ ಮೇಲೆ, ಎಲ್ಲ ಕಡೆ ಒಂದೇ ನಂಬರ್. (ಬ್ಲರ್ ಮಾಡಿದ್ದೀನಿ, ಝೂಮ್ ಮಾಡ್ಬೇಡಿ.) ಇಪ್ಪತ್ತು ವರ್ಷದ ಗಿರಾಕಿಗಳು ಆ ಹತ್ತು ಅಂಕಿಯ ಹಿಂದೆ ಕೂತಿದ್ದಾರೆ. ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಅಂತ ಓದ್ತೀವಲ್ಲ, ನಮ್ಮೂರಲ್ಲಿ ಅದು ಬ್ಯಾಲೆನ್ಸ್ ಶೀಟ್‌ನಲ್ಲಿಲ್ಲ, ಶಟರ್ ಮೇಲಿದೆ.

ಮೊಬೈಲ್ ನಂಬರ್ ಆದ್ರೆ ಸಿಮ್ ಕಂಪನಿ ಬದಲಾಯಿಸಿದ್ರೂ ನಂಬರ್ ನಮ್ದೇ. ಆ ಹಕ್ಕು 2011ರ ಜನವರಿ 20ರಿಂದ ದೇಶದೆಲ್ಲೆಡೆ ಇದೆ. 2015ರ ಜುಲೈನಿಂದ ರಾಜ್ಯ ಬಿಟ್ಟು ರಾಜ್ಯಕ್ಕೆ ಹೋದ್ರೂ ನಂಬರ್ ಜೊತೆಗೇ ಬರುತ್ತೆ. ಆದ್ರೆ ಅದು ಮೊಬೈಲ್‌ಗೆ ಮಾತ್ರ. ಕ್ಲೌಡ್ ಕಂಪನಿ ಕೊಡೋ 080 ವರ್ಚುವಲ್ ನಂಬರ್‌ಗೆ ಇಲ್ಲ. ಅದು ಬಾಡಿಗೆ ಮನೆ. ಬಾಡಿಗೆ ಏರಿಸಿದ್ರೆ ಕೊಡ್ಬೇಕು, ಇಲ್ಲ ಖಾಲಿ ಮಾಡ್ಬೇಕು.

ನಮ್ಮ ದೊಡ್ಡಪ್ಪನಿಗೆ ಇದೇ ಆಯ್ತು. ಮೊದಲ ವರ್ಷ ಆಫರ್, ಎರಡನೇ ವರ್ಷ ರೇಟು ಹೆಚ್ಚು ಕಮ್ಮಿ ಡಬಲ್. "ನಂಬರ್ ಬಿಟ್ಕೊಡಿ, ಬೇರೆ ಕಡೆ ಹಾಕ್ಕೋತೀನಿ" ಅಂದ್ರು. "ಸರ್, ನಂಬರ್ ನಮ್ಮ ಅಕೌಂಟ್‌ದು" ಅಂತ ಆ ಕಡೆಯಿಂದ ಬಹಳ ಮರ್ಯಾದೆಯಾಗಿ ಹೇಳಿದ್ರು. ಅಷ್ಟರಲ್ಲಿ ಎರಡು ಗಾಡಿ, ಒಂದು ಬೋರ್ಡು, ಸಾವಿರ ಕ್ಯಾಲೆಂಡರ್ ಮೇಲೆ ಆ ನಂಬರ್ ಅಚ್ಚಾಗಿತ್ತು.

(3/6)
ಹಾಗಾದ್ರೆ ಒಂದೇ ಮೊಬೈಲ್ ಸಾಕು ಅನ್ನೋ ಹಿರಿಯರ ಮಾತು ಸರಿಯಾ? ಅದೂ ಇಲ್ಲ. ಎಲ್ಲರೂ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ನೋಟ್ಸ್ ತೆಗೀರಿ. ಡೆನ್ಮಾರ್ಕ್‌ನ ಎರ್ಲಾಂಗ್ ಅನ್ನೋ ಗಣಿತಜ್ಞ ನೂರು ವರ್ಷಕ್ಕೂ ಹಿಂದೆ ಎಕ್ಸ್‌ಚೇಂಜ್‌ಗೆ ಎಷ್ಟು ಲೈನ್ ಬೇಕು ಅಂತ ಲೆಕ್ಕ ಹಾಕಿದ್ದ, ನಾವು ಓದೋ ಪಾಯ್ಸನ್ ಹಂಚಿಕೆಯನ್ನೇ ಇಟ್ಕೊಂಡು. ಒಂದು ಮಂಡಿಗೆ ಗಂಟೆಗೆ 10 ಕರೆ, ಪ್ರತಿಯೊಂದೂ 3 ನಿಮಿಷ ಅನ್ಕೊಳ್ಳಿ. ಎಂಗೇಜ್ ಬಂದೋರು ಪಕ್ಕದ ಮಂಡಿಗೆ ಮಾಡ್ತಾರೆ ಅಂತಲೂ ಇಟ್ಕೊಳ್ಳಿ. ಒಂದು ಲೈನ್ ಇದ್ರೆ ಮೂರರಲ್ಲಿ ಒಂದು ಕರೆ ಹೋಯ್ತು. ಎರಡಿದ್ರೆ ಹದಿಮೂರರಲ್ಲಿ ಒಂದು. ಮೂರಿದ್ರೆ ಸುಮಾರು ಎಂಬತ್ತರಲ್ಲಿ ಒಂದು.

ಅಂದ್ರೆ ಬೇಕಾಗಿರೋದು ಒಂದೇ ನಂಬರ್‌ಗೆ ಮೂರು ಕರೆ ಒಟ್ಟಿಗೆ ಬರೋ ವ್ಯವಸ್ಥೆ. ರೀಲ್ಸ್‌ನೋರು ಮಾರೋದು "ಸೀಟು". ತಲೆಗೆ ಇಷ್ಟು, ತಿಂಗಳಿಗೆ ಇಷ್ಟು. ಆ ಲೆಕ್ಕ ಎಲ್ಲರೂ ಹೆಡ್‌ಫೋನ್ ಹಾಕ್ಕೊಂಡು ಕೂರೋ ಆಫೀಸಿನದ್ದು. ಮಂಡಿಯಲ್ಲಿ ಫೋನ್ ಎತ್ತೋರು ಮಾಲೀಕ, ರೈಟರ್, ಮಗ, ಒಮ್ಮೊಮ್ಮೆ ಟೀ ತಂದ ಹುಡುಗ. ಎಷ್ಟು ಸೀಟ್ ಅಂತ ಬರೀತೀರ? ಸೀಟ್ ಬೆಲೆ ಕೇಳ್ಬೇಡಿ, ಏಕಕಾಲಕ್ಕೆ ಎಷ್ಟು ಕರೆ ಅಂತ ಕೇಳಿ.

(4/6) ಇದು ಚಿಕ್ಕ ಪೋಸ್ಟು, ಆದ್ರೆ ಬಿಕಾಂ ಓದ್ತಾ ಇದನ್ನ ಬಿಟ್ರೆ ಹೆಂಗೆ.
ಲೆಕ್ಕಕ್ಕೆ ಅಂತ ಸೀಟ್‌ಗೆ 1,000 ರೂಪಾಯಿ, ಐದು ಸೀಟು, ಹನ್ನೆರಡು ತಿಂಗಳು: 60,000. ಮೇಲೆ 18% ಜಿಎಸ್‌ಟಿ 10,800. ಒಟ್ಟು 70,800. "ಜಿಎಸ್‌ಟಿ ಕ್ರೆಡಿಟ್ ಸಿಗುತ್ತೆ ಸರ್" ಅಂತಾನೆ ಸೇಲ್ಸ್‌ನವನು. ಯಾರಿಗೆ? ಲೂಸ್ ಬೆಲ್ಲಕ್ಕೆ ಜಿಎಸ್‌ಟಿಯೇ ಇಲ್ಲ, ಹಾಗಾಗಿ ಅದನ್ನೇ ಮಾರೋನಿಗೆ ಕ್ರೆಡಿಟ್ಟೂ ಇಲ್ಲ. ಮದ್ದೂರು ವಡೆ ಹೋಟೆಲ್ 5% ಕಟ್ಟುತ್ತೆ, ಅದು ಕ್ರೆಡಿಟ್ ಇಲ್ಲದ 5%. ಕಾಂಪೊಸಿಷನ್‌ನಲ್ಲಿರೋ ಕಿರಾಣಿ ಅಂಗಡಿಗೂ ಇಲ್ಲ. ನಮ್ಮ ಮೂರೂ ಊರಿನ ಎಷ್ಟೋ ಅಂಗಡಿಗೆ ಆ 10,800 ನೇರ ಖರ್ಚು.

(5/6)
ಇನ್ನು ಹೊರಗೆ ಹೋಗೋ ಕರೆ. ನಿಜ ಹೇಳಿ, 080ಯಿಂದ ಗೊತ್ತಿಲ್ಲದ ಕರೆ ಬಂದ್ರೆ ಎತ್ತೀರಾ? "ಲೋನ್ ಬೇಕಾ ಸರ್" ಅಂತಲೇ ಇರುತ್ತೆ ಅಂತ ಕಟ್ ಮಾಡ್ತೀರ. ಹಲಗೂರಿನ ರೈತನೂ ಅದನ್ನೇ ಮಾಡ್ತಾನೆ. 08232 ಅಂದ್ರೆ ಮಂಡ್ಯದೋರು, 08231 ಅಂದ್ರೆ ಮಳವಳ್ಳಿಯೋರು ಅಂತ ಅವನಿಗೆ ಗೊತ್ತು, ಎತ್ತುತ್ತಾನೆ. "ನಮ್ಮೋರು" ಅನ್ನೋ ಕಾಲಂ ಯಾವ ಹೋಲಿಕೆ ಪಟ್ಟಿಯಲ್ಲೂ ಇಲ್ಲ.

ಒಳಗೆ ಬರೋ ಕರೆಗೆ "ಫಾರ್ ಇಂಗ್ಲಿಷ್ ಪ್ರೆಸ್ ಒನ್, ಹಿಂದಿ ಕೆ ಲಿಯೇ ದೋ ದಬಾಯೇ." ಕನ್ನಡ ಎಷ್ಟನೇ ಗುಂಡಿ? ಕನ್ನಡದ ಧ್ವನಿ ಹಾಕೋಕೆ ಏನೂ ಕಷ್ಟ ಇಲ್ಲ, ನಾವೇ ಮಾತಾಡಿ ರೆಕಾರ್ಡ್ ಮಾಡಿ ಕೊಡ್ಬಹುದು. ಕೇಳೋರಿಲ್ಲ ಅಂತ ಹಾಕಲ್ಲ ಅಷ್ಟೇ. 1986ರ ಜುಲೈನಲ್ಲಿ ಸಿ-ಡಾಟ್ ತನ್ನ ಮೊದಲ ಹಳ್ಳಿ ಎಕ್ಸ್‌ಚೇಂಜನ್ನ, ಬರೀ 128 ಲೈನಿಂದು, ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಧೂಳು, ಸೆಖೆ ತಡ್ಕೊಂಡು ಏಸಿ ಇಲ್ಲದೆ ನಡೀಬೇಕು ಅಂತಲೇ ಅದನ್ನ ಮಾಡಿದ್ದು. ಹಳ್ಳಿಯ ಕಷ್ಟವನ್ನ ಮೊದಲು ನೋಡಿ ಆಮೇಲೆ ಪೆಟ್ಟಿಗೆ ಮಾಡಿದ್ರು. ಈಗ ಪೆಟ್ಟಿಗೆ ರೆಡಿ ಇದೆ, ನಾವು ಅದಕ್ಕೆ ಹೊಂದ್ಕೋಬೇಕು.

ಕರೆಂಟ್ ವಿಷಯ ಬಿಡೋಕಾಗುತ್ತಾ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಕಳ್ಸಿದ ತಾಲ್ಲೂಕು ಮಳವಳ್ಳಿ, ಈಗ ಅಲ್ಲೇ ಮಧ್ಯಾಹ್ನ ಕರೆಂಟ್ ಹೋಗುತ್ತೆ. ಹಳೇ ತಾಮ್ರದ ಲ್ಯಾಂಡ್‌ಲೈನ್‌ಗೆ ಕರೆಂಟ್ ಎಕ್ಸ್‌ಚೇಂಜಿಂದಲೇ ಬರ್ತಿತ್ತು. ಫೈಬರ್ ಪೆಟ್ಟಿಗೆಗೆ ನಮ್ಮ ಗೋಡೆಯ ಪ್ಲಗ್ಗೇ ಗತಿ. ಒಂದು ಇಂಟರ್ನೆಟ್ ಕರೆಗೆ ನೂರು ಕೆಬಿಪಿಎಸ್ ಇದ್ರೆ ಸಾಕು, ಸ್ಪೀಡ್ ಯಾವತ್ತೂ ಸಮಸ್ಯೆ ಅಲ್ಲ. ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಇಡದೆ 300 ಎಂಬಿಪಿಎಸ್ ಪ್ಲಾನ್ ಮಾರೋನು ಮಾತ್ರ ಸಮಸ್ಯೆ.

(6/6)
ಎಲ್ಲ ಬೈದಾಯ್ತು, ಈಗ ಏನ್ ಮಾಡ್ಬೇಕು ಹೇಳು ಅಂತೀರ.

ಶಟರ್ ಮೇಲೆ ಯಾವಾಗ್ಲೂ ನಿಮ್ಮ ಹೆಸರಲ್ಲಿರೋ ನಂಬರ್ರೇ ಇರ್ಲಿ. ಮೊಬೈಲ್ ಸಿಮ್ ಆದ್ರೆ ಒಳ್ಳೇದು, ಕೆವೈಸಿ ಮಾಲೀಕರದ್ದು, ಕೆಲಸದ ಹುಡುಗನದ್ದಲ್ಲ. ಕ್ಲೌಡ್ ಬೇಕಾದ್ರೆ ಅದರ ಹಿಂದೆ ಇಟ್ಕೊಳ್ಳಿ: ನಿಮ್ಮ ಸಿಮ್‌ನಿಂದ ವರ್ಚುವಲ್ ನಂಬರ್‌ಗೆ ಕರೆ ಫಾರ್ವರ್ಡ್ ಆಗ್ಲಿ. ಕಂಪನಿ ಕೈಕೊಟ್ರೆ ಫಾರ್ವರ್ಡ್ ತೆಗೆದ್ರಾಯ್ತು, ಬೋರ್ಡ್ ಅಳಿಸೋ ಹಾಗಿಲ್ಲ. (ವಂಚನೆ ಜಾಸ್ತಿ ಆಯ್ತು ಅಂತ *401# ಒತ್ತಿ ಫಾರ್ವರ್ಡ್ ಮಾಡೋದನ್ನ 2024ರ ಏಪ್ರಿಲ್ 15ರಿಂದ ನಿಲ್ಲಿಸಿದ್ರು, ಈಗಿನ ದಾರಿ ಏನು ಅಂತ ಸಿಮ್ ಕಂಪನಿಯನ್ನೇ ಕೇಳಿ.) ಫಾರ್ವರ್ಡ್ ಆದ ಕರೆಯ ದುಡ್ಡು ನಿಮ್ಮ ಸಿಮ್‌ಗೆ ಬೀಳ್ಬಹುದು, ಪ್ಲಾನ್ ನೋಡ್ಕೊಳ್ಳಿ. ಹಳೇ 08232 ಲ್ಯಾಂಡ್‌ಲೈನ್ ಇದ್ರೆ ಸರೆಂಡರ್ ಮಾಡ್ಬೇಡಿ. ವಾಟ್ಸಾಪ್ ಬಿಸಿನೆಸ್ ಅದೇ ನಂಬರಲ್ಲಿ ಶುರು ಮಾಡ್ಬಹುದು, ಕೋಡನ್ನ ಫೋನ್ ಮಾಡಿ ಹೇಳ್ತಾರೆ.

ಮೂರು ಬ್ರಾಂಚ್ ಇರೋ ರೈಸ್ ಮಿಲ್ಲು, ನರ್ಸಿಂಗ್ ಹೋಮು, ಹತ್ತಾರು ಜನ ಆರ್ಡರ್ ತಗೊಳ್ಳೋ ಡಿಸ್ಟ್ರಿಬ್ಯೂಟರ್‌ಗೆ ಪೂರ್ತಿ ಕ್ಲೌಡ್ ಹಾಕ್ಸಿದ್ರೂ ನ್ಯಾಯವೇ. ಸೇಲ್ಸ್‌ಮನ್ ಕೆಲಸ ಬಿಟ್ಟಾಗ ಗಿರಾಕಿಗಳನ್ನೂ ಜೇಬಲ್ಲಿ ಇಟ್ಕೊಂಡು ಹೋಗೋದು ತಪ್ಪುತ್ತೆ, ಮಿಸ್ ಆದ ಕರೆ ಕಣ್ಣಿಗೆ ಬೀಳುತ್ತೆ. ಆಸ್ಟರಿಸ್ಕ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, 1999ರಿಂದ. ನೋಡ್ಕೊಳ್ಳೋ ಹುಡುಗ ಊರಲ್ಲೇ ಇದ್ರೆ ಹಾಕಿ, ಅವನು ಬೆಂಗಳೂರಿಗೆ ಹೋದ್ರೆ ಫೋನೂ ಹೋದ ಹಾಗೆ.

ಮಾರೋಕೆ ಹೋಗೋ ಗೆಳೆಯರು ಕೊಟೇಷನ್‌ನಲ್ಲಿ ಎರಡು ಸಾಲು ಸೇರ್ಸಿ: "ಬಿಟ್ಟು ಹೋದ್ರೆ ನಂಬರ್ ಯಾರ್ದು", "ಎರಡನೇ ವರ್ಷದ ರೇಟೆಷ್ಟು". ನಿಮ್ಮ ಕಂಪನಿ ಅದನ್ನ ಬರೆದು ಸಹಿ ಹಾಕಿದ್ರೆ ಡಿಎಂ ಮಾಡಿ, ಇದೇ ಪೇಜಲ್ಲಿ ಅದನ್ನೂ ಹಾಕ್ತೀನಿ.

#ಮಂಡ್ಯ #ಮದ್ದೂರು #ಮಳವಳ್ಳಿ #ಬಿಕಾಂಲೆಕ್ಕ #ನಂಬರ್‌ಯಾರ್ದು