ಮನೆಯಲ್ಲೇ ಕುಳಿತು ಫಾರ್ಮಸಿಸ್ಟ್ ಆಗಬಹುದೇ?

"ಆನ್‌ಲೈನ್‌ನಲ್ಲಿ ಫಾರ್ಮಕಾಲಜಿ ಕಲಿಯಿರಿ, ಫಾರ್ಮಸಿಸ್ಟ್ ಆಗಿ" ಎಂಬಂಥ ಮೆಸೇಜ್ ನಿಮಗೂ ಬಂದಿರಬಹುದು. ಮೈಸೂರಿನ ಸರಸ್ವತಿಪುರಂನವರು ಇದನ್ನು ನಂಬಿದರೆ ಅಚ್ಚರಿಯಿಲ್ಲ. ಪಕ್ಕದ ಮುಕ್ತಗಂಗೋತ್ರಿಯಲ್ಲೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಬಿ.ಎ., ಬಿ.ಕಾಂ. ಮನೆಯಿಂದಲೇ ಓದಬಹುದಾದರೆ ಫಾರ್ಮಸಿ ಏಕಾಗದು?

ನಿಯಮ ಸ್ಪಷ್ಟ. ಯುಜಿಸಿಯ 2020ರ ನಿಯಮಾವಳಿ ಪ್ರಕಾರ ಫಾರ್ಮಸಿ ಪದವಿಯನ್ನು ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ಕೊಡುವಂತಿಲ್ಲ. ಡಿ.ಫಾರ್ಮಾಗೂ ಮಾನ್ಯತೆ ಪಡೆದ ಕಾಲೇಜಿನಲ್ಲಿ ಎರಡು ವರ್ಷ ಓದಿ, 500 ಗಂಟೆಗಳ ಪ್ರಾಯೋಗಿಕ ತರಬೇತಿ ಮುಗಿಸಬೇಕು. ಆಮೇಲೆ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ.

ಇಷ್ಟೆಲ್ಲ ಏಕೆ? ಔಷಧಿ ದೇಹದಲ್ಲಿ ಏನು ಮಾಡುತ್ತದೆ, ದೇಹ ಔಷಧಿಯನ್ನು ಏನು ಮಾಡುತ್ತದೆ ಎಂಬುದೇ ಫಾರ್ಮಕಾಲಜಿ. ಇದನ್ನು ವಿಡಿಯೋ ನೋಡಿಯೂ ಕಲಿಯಬಹುದು. ಆದರೆ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ನುಂಗುವ ಅಜ್ಜಿ ಮಂಡಿನೋವಿಗೆ ಡೈಕ್ಲೋಫೆನಾಕ್ ಕೇಳಿದರೆ? ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚು. "ಬೇರೆ ಯಾವ ಮಾತ್ರೆ ತಗೋತೀರಿ?" ಎಂದು ಕೇಳುವ ಅಭ್ಯಾಸ ಬರುವುದು ಕೌಂಟರ್‌ನಲ್ಲಿ ನಿಂತಾಗ.

ಆನ್‌ಲೈನ್ ಕಲಿಕೆ ವ್ಯರ್ಥವಲ್ಲ. ಕೇಂದ್ರ ಸರ್ಕಾರದ 'ಸ್ವಯಂ' ಪೋರ್ಟಲ್‌ನ ಪಾಠಗಳನ್ನು ಉಚಿತವಾಗಿ ನೋಡಿ, ತಿಳಿವಳಿಕೆ ಹೆಚ್ಚಿಸಿಕೊಳ್ಳಿ. ಆದರೆ ಆ ಸರ್ಟಿಫಿಕೇಟ್ ಲೈಸೆನ್ಸ್ ಅಲ್ಲ. ಹಣ ಕಟ್ಟುವ ಮುನ್ನ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ ವೆಬ್‌ಸೈಟ್‌ನಲ್ಲಿ ಕಾಲೇಜಿನ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ.